ಹಳೆಯ ಸ್ಪೀಕರಿನ ಅಂಚು

ವೀಣೆಗೆ ವಯಸ್ಸಾದಷ್ಟೂ ಮರ ಪಳಗಿ ನಾದ ಇಂಪಾಗುತ್ತದೆ ಎನ್ನುತ್ತಾರೆ. ಧ್ವನಿವರ್ಧಕದ ವಿಷಯದಲ್ಲಿಯೂ ಹೀಗೆಯೇ ನಂಬುವ ರಸಿಕರು ಇದ್ದಾರೆ. ಅವರು ಹಾಗೆ ನಂಬಿ ಕುಳಿತಿರುವಾಗಲೇ, ಎದುರಿಗಿರುವ ಪೆಟ್ಟಿಗೆಯ ಮುಸುಕುಬಟ್ಟೆಯ ಹಿಂದೆ ಸ್ಪೀಕರಿನ ಅಂಚು ಚೂರುಚೂರಾಗಿ ಉದುರುತ್ತಿರುತ್ತದೆ.

ಅಂಚು ಎಂದರೆ ಏನೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಸ್ಪೀಕರಿನಲ್ಲಿ ಕಣ್ಣಿಗೆ ಕಾಣುವ ಮುಖ್ಯ ಭಾಗ ಕಾಗದದ ಶಂಕು. ಕೆಲಸಗಾರರ ಮಾತಿನಲ್ಲಿ ಕೋನ್. ಅದರ ಕಿರಿದಾದ ತುದಿಗೆ ತಂತಿಯ ಸುರುಳಿಯೊಂದನ್ನು ಅಂಟಿಸಿ, ಆ ಸುರುಳಿಯನ್ನು ಅಯಸ್ಕಾಂತದ ಸಂದಿನಲ್ಲಿ ಇಳಿಬಿಟ್ಟಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ತು ಅತ್ತಿತ್ತ ಹರಿದಂತೆ ಕೋನ್ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ನಮ್ಮ ಕಿವಿಗೆ ಬರುವ ಸಂಗೀತ ಅದೇ. ಸುರುಳಿಗೂ ಲೋಹಕ್ಕೂ ನಡುವೆ ಇರುವ ಎಡೆ ಒಂದು ಮಿಲಿಮೀಟರಿಗಿಂತ ಕಡಿಮೆ. ಸುರುಳಿ ತುಸು ಓರೆಯಾದರೂ ಲೋಹಕ್ಕೆ ಉಜ್ಜಿ ಕರಕರ ಸದ್ದು ಹೊರಡುತ್ತದೆ. ಆದುದರಿಂದ ಕೋನನ್ನು ಹಿಂದೆ ಮುಂದೆ ಅಲುಗಲು ಬಿಡಬೇಕು, ಪಕ್ಕಕ್ಕೆ ಸರಿಯಲು ಬಿಡಬಾರದು. ಇದಕ್ಕೆ ಎರಡು ಆಧಾರಗಳಿವೆ. ಒಂದು, ಸುರುಳಿಯ ಬಳಿ ಇರುವ, ಸ್ಪೈಡರ್ ಎಂದು ಕರೆಯುವ, ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆ. ಇನ್ನೊಂದು, ಕೋನಿನ ಸುತ್ತಲೂ ಇದ್ದು ಅದನ್ನು ಲೋಹದ ಚೌಕಟ್ಟಿಗೆ ಸೇರಿಸುವ ಕಿರಿಯ ಪಟ್ಟಿ. ಈ ಪಟ್ಟಿಯೇ ಅಂಚು.

ಅಯಸ್ಕಾಂತ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳಬಲ್ಲುದು. ತಂತಿಯನ್ನು ಸುಡದಿದ್ದರೆ ಅದು ಕೆಡದು. ಮರದ ಪೆಟ್ಟಿಗೆ ಗೆದ್ದಲಿನ ಬಾಯಿಗೆ ಬೀಳದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು. ಇಡೀ ಯಂತ್ರದಲ್ಲಿ ಅಗ್ಗವಾದದ್ದೂ ಅಲ್ಪಾಯುವಾದದ್ದೂ ಈ ಅಂಚು. ಹಳೆಯ ಸ್ಪೀಕರುಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ನನಗೆ ಅಂಟಿಕೊಂಡು ಎಷ್ಟೋ ವರ್ಷಗಳಾದುವು. ಅಷ್ಟು ವರ್ಷಗಳಲ್ಲಿ ನನ್ನ ಮೇಜಿನ ಮೇಲೆ ಬಂದು ಮಲಗಿದ ರೋಗಿಗಳಲ್ಲಿ ಹೆಚ್ಚಿನವಕ್ಕೆ ಅಂಚಿನದೇ ಕಾಯಿಲೆ. ಅದನ್ನು ಕೆರೆಯುತ್ತ ಕುಳಿತಾಗ, ಧ್ವನಿವರ್ಧಕದ ಚರಿತ್ರೆಯನ್ನು ಅಂಚಿನ ಕಡೆಯಿಂದಲೇ ಏಕೆ ಹೇಳಬಾರದು ಎನಿಸಿದ್ದುಂಟು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಸ್ಪೀಕರುಗಳ ಪ್ರೇಮಿಗಳಲ್ಲಿ ಒಂದು ಮುಗಿಯದ ವ್ಯಾಜ್ಯ ನಡೆದಿದೆ. ಮಾಡಿದವನು ಹೇಗೆ ಮಾಡಿದನೋ ಹಾಗೆಯೇ ಅದನ್ನು ಉಳಿಸಬೇಕು, ಒಂದು ತಿರುಪು ಕೂಡ ಬದಲಾಗಬಾರದು ಎಂಬುದು ಒಂದು ಪಕ್ಷ. ಅಂದು ಅವನಿಗೆ ದೊರೆಯದ ಸಾಮಗ್ರಿ ಇಂದು ನಮಗೆ ದೊರೆಯುತ್ತಿರುವಾಗ ಹಳೆಯದನ್ನು ತಿದ್ದಿ ಉತ್ತಮಗೊಳಿಸಬಾರದೇಕೆ ಎಂಬುದು ಇನ್ನೊಂದು. ಎರಡು ಪಕ್ಷದವರೂ ಸಭ್ಯರೇ. ಆದರೆ ಈ ಮಾತು ಬಂದಾಗ ಕಾಫಿ ಆರುವುದು ಗೊತ್ತಾಗುವುದಿಲ್ಲ. ನನಗೂ ಇದರಲ್ಲಿ ಒಂದು ಅಭಿಪ್ರಾಯವಿದೆ. ಅದನ್ನು ಹೇಳುವ ಮುನ್ನ ಚರಿತ್ರೆಯನ್ನು ನೋಡಬೇಕು.

೧೯೧೫ರಲ್ಲಿ ಕ್ಯಾಲಿಫೋರ್ನಿಯದ ನಾಪಾ ಎಂಬ ಊರಿನಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು ಸುರುಳಿಯನ್ನು ಕಾಂತದ ಸಂದಿನಲ್ಲಿಟ್ಟು, ಅದರ ಮುಂದೆ ಕಹಳೆಯೊಂದನ್ನು ಜೋಡಿಸಿ, ದೂರಕ್ಕೆ ಕೇಳಿಸುವ ಯಂತ್ರ ಮಾಡಿದರು. ಅದಕ್ಕೆ ಮ್ಯಾಗ್ನವಾಕ್ಸ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಮಹಾಧ್ವನಿ ಎಂದು ಅರ್ಥ. ೧೯೧೯ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯೇಗೊ ನಗರದಲ್ಲಿ ಇಂಥ ಯಂತ್ರದ ನೆರವಿನಿಂದಲೇ ದೊಡ್ಡದೊಂದು ಜನಸ್ತೋಮಕ್ಕೆ ಭಾಷಣ ಮಾಡಿದರು. ಕಹಳೆಯ ಸದ್ದು ಭಾಷಣಕ್ಕೆ ಸಾಕು, ಪಿಟೀಲಿಗೆ ಸಾಲದು.

ಪಿಟೀಲಿಗೆ ಬೇಕಾದದ್ದು ಬಂದದ್ದು ೧೯೨೫ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆ ವರ್ಷ ಕಹಳೆಯಿಲ್ಲದ ಧ್ವನಿವರ್ಧಕವನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಇಂದು ನಮ್ಮ ಮನೆಗಳಲ್ಲಿರುವ ಸ್ಪೀಕರುಗಳಲ್ಲಿ ಬಹುಪಾಲು ಆ ಪ್ರಬಂಧದ ಸಂತಾನವೇ. ಅದರ ತಿರುಳನ್ನು ತಂಬೂರಿಯ ಉದಾಹರಣೆಯಿಂದ ಹೇಳಬಹುದು. ತಂತಿಯನ್ನು ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕೋನಿಗೂ ಹೀಗೆಯೇ ಒಂದು ಸ್ವಂತ ಸ್ವರವಿದೆ. ಅದು ಸಂಗೀತದ ನಡುವೆ ಬಂದು ಕುಳಿತರೆ, ಆ ಒಂದು ಸ್ವರ ಮಾತ್ರ ಅಬ್ಬರಿಸಿ ಉಳಿದವು ಮಂಕಾಗುತ್ತವೆ. ಅದನ್ನು ಸಂಗೀತದ ಮಂದ್ರಕ್ಕಿಂತ ಕೆಳಕ್ಕೆ ತಳ್ಳಿಬಿಟ್ಟರೆ ಮೇಲಿನವೆಲ್ಲ ಸಮನಾಗಿ ನುಡಿಯುತ್ತವೆ. ಕೆಳಕ್ಕೆ ತಳ್ಳುವ ದಾರಿ ಏನು? ಅಂಚನ್ನು ಸಡಿಲಿಸುವುದು. ಆ ಕಾಲದ ಒಳ್ಳೆಯ ಸ್ಪೀಕರುಗಳಲ್ಲಿ ಅಂಚಿಗೆ ಮೆತ್ತನೆಯ ಚರ್ಮವನ್ನು ಹಚ್ಚುತ್ತಿದ್ದುದು ಈ ಕಾರಣಕ್ಕಾಗಿಯೇ.

ಚರ್ಮ ದುಬಾರಿ, ಅದನ್ನು ಕೈಯಿಂದ ಕತ್ತರಿಸಿ ಅಂಟಿಸಬೇಕು. ರೇಡಿಯೋ ಸಾವಿರಗಟ್ಟಲೆಯಾಗಿ ತಯಾರಾಗತೊಡಗಿದ ಮೇಲೆ ಆ ತಾಳ್ಮೆ ಯಾರಿಗಿದ್ದೀತು? ಕೋನಿನ ಕಾಗದವನ್ನೇ ಹೊರಗೆ ಮುಂದುವರಿಸಿ, ನಾಲ್ಕು ಸುಕ್ಕು ಹಾಕಿ, ಅದನ್ನೇ ಅಂಚೆಂದು ಕರೆದರು. ಅಗ್ಗವಾಯಿತು, ಗಟ್ಟಿಯೂ ಆಯಿತು. ಆದರೆ ಕಾಗದದ ಸುಕ್ಕಿಗೆ ಒಂದು ದುರ್ಗುಣವಿದೆ. ಸ್ವಲ್ಪ ತಳ್ಳಿದಾಗ ಸುಲಭವಾಗಿ ಬಗ್ಗುತ್ತದೆ. ಇನ್ನಷ್ಟು ತಳ್ಳಿದರೆ ಇದ್ದಕ್ಕಿದ್ದಂತೆ ಸೆಟೆಯುತ್ತದೆ. ಮಂದ್ರಸ್ವರಕ್ಕೆ ಕೋನ್ ಬಹುದೂರ ಚಲಿಸಬೇಕು. ಅಲ್ಲಿಯೇ ಈ ಅಂಚು ಹಟ ಹಿಡಿಯುತ್ತದೆ. ಫಲವಾಗಿ ಮೃದಂಗದ ಎಡದ ಗುಮಕಿಯ ಬದಲು ಡಬಡಬ ಎನ್ನುವ ಒಂದು ಸದ್ದು.

ಈ ಕೊರತೆಯನ್ನು ಮುಚ್ಚಲು ಆಗಿನವರು ಹಿಡಿದ ದಾರಿ ಪೆಟ್ಟಿಗೆಯನ್ನು ಹಿರಿದು ಮಾಡುವುದು. ಅಮೆರಿಕದ ಆರ್ಕನ್ಸಾ ಸಂಸ್ಥಾನದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಷ್ ೧೯೪೬ರಲ್ಲಿ ತಮ್ಮ ಕಂಪನಿಯನ್ನು ಆರಂಭಿಸಿ ಮಾರತೊಡಗಿದ ಕ್ಲಿಪ್ಷ್‌ಹಾರ್ನ್, ಕೋಣೆಯ ಮೂಲೆಯ ಗೋಡೆಗಳನ್ನೇ ಕಹಳೆಯ ಬಾಯಾಗಿ ಬಳಸಿಕೊಳ್ಳುವ ಜಾಣ ಯಂತ್ರ. ಆದರೆ ಗಾತ್ರದಲ್ಲಿ ಬಟ್ಟೆಯ ಬೀರುವಿನ ಜಾತಿ. ಆಗ ಮಂದ್ರವನ್ನು ಮನೆಯಲ್ಲಿ ಕೇಳಬೇಕಾದರೆ ಅರಮನೆಯೇ ಇರಬೇಕಿತ್ತು ಎಂದರೆ ಹೆಚ್ಚು ಉತ್ಪ್ರೇಕ್ಷೆಯಾಗದು. ಅರಮನೆಯೂ ಇತ್ತೆನ್ನಿ, ನಮ್ಮ ಮೈಸೂರಿನಲ್ಲಿ. ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಆಳವಾಗಿ ಇಳಿದವರು. ೧೯೪೮ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ರಷ್ಯದ ಮೆಟ್ನರನ ಕೃತಿಗಳನ್ನು ಅವನಿಂದಲೇ ನುಡಿಸಿ ತಟ್ಟೆಗಳಲ್ಲಿ ಉಳಿಸಲು ಹಣ ಕೊಟ್ಟವರು. ಅವರ ಅತಿಥಿಯಾಗಿ ಬಂದ ಗ್ರಾಮಫೋನ್ ನಿರ್ಮಾಪಕ ವಾಲ್ಟರ್ ಲೆಗ್, ಅರಮನೆಯ ತಟ್ಟೆಗಳ ಭಂಡಾರದ ಜೊತೆಗೆ ಅಲ್ಲಿ ಸಾಲಾಗಿದ್ದ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದುದನ್ನು ಬರೆದಿಟ್ಟಿದ್ದಾರೆ. ನಮ್ಮ ನಿಮ್ಮಂಥವರ ಮನೆಯಲ್ಲಿ ಅದು ಆಗುವ ಮಾತಲ್ಲ.

ಇಂಗ್ಲೆಂಡಿನಲ್ಲಿ ಅಂಚಿನ ಬಗೆಗೆ ಗಂಭೀರವಾಗಿ ತಲೆ ಕೆಡಿಸಿಕೊಂಡವರಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಒಬ್ಬರು. ಇವರು ಎಂಜಿನಿಯರಲ್ಲ, ಯಾರ್ಕ್‌ಷೈರಿನ ಜವಳಿ ವ್ಯಾಪಾರದಲ್ಲಿ ಇದ್ದವರು. ಜಗತ್ತಿನ ವ್ಯಾಪಾರ ಕುಸಿದ ಕಾಲದಲ್ಲಿ, ೧೯೩೨ರಲ್ಲಿ, ಇಲ್ಕ್ಲಿ ಎಂಬಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರು ಮಾಡತೊಡಗಿದರು. ಮರುವರ್ಷವೇ ಬ್ರ್ಯಾಡ್‌ಫರ್ಡಿನ ರೇಡಿಯೋ ಸಂಘದ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನವೂ ಎರಡನೆಯದೂ ಅವರಿಗೇ ಬಂದುವು. ಅವರ ಕಂಪನಿಯೇ ವಾರ್ಫ್‌ಡೇಲ್. ಜವಳಿಯವರಿಗೆ ಬಟ್ಟೆಯ ಗುಣ ತಿಳಿಯದೆ ಇದ್ದೀತೆ? ಅವರ ಸ್ಪೀಕರುಗಳಲ್ಲಿ ಹಲವಕ್ಕೆ ಬಟ್ಟೆಯ ಅಂಚು. ಮುಂದೆ ಕೆಲವಕ್ಕೆ ನೊರೆರಬ್ಬರಿನಂಥ ಫೋಮಿನ ಅಂಚು. ಬಟ್ಟೆಯದಕ್ಕೆ ‘ಸಿ.ಎಸ್.’, ಫೋಮಿನದಕ್ಕೆ ‘ಎಫ್.ಎಸ್.’ ಎಂದು ಸ್ಪೀಕರಿನ ಹೆಸರಿಗೇ ಬಾಲ ಹಚ್ಚುತ್ತಿದ್ದರು. ಕೊಳ್ಳುವವನಿಗೆ ಅಂಚು ಯಾವುದರದೆಂದು ಹೇಳಿ ಮಾರಿದ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ೧೯೫೪ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿಯೂ ಮರುವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿಯೂ ಅವರು ಸಭೆ ನೆರೆಸಿ, ವೇದಿಕೆಯ ಮೇಲೆ ಕಲಾವಿದರನ್ನೂ ಸ್ಪೀಕರುಗಳನ್ನೂ ಒಟ್ಟಿಗೆ ಕೂರಿಸಿ, ಎರಡನ್ನೂ ಹೋಲಿಸಿ ನೋಡಿರೆಂದು ಕೇಳುಗರಿಗೇ ಬಿಟ್ಟರು.

ಈಗ ನಮ್ಮ ಕಥೆಯ ನಾಯಕರ ಬಳಿಗೆ ಬಂದೆವು. ಎಡ್ಗರ್ ವಿಲ್ಚರ್ ಹುಟ್ಟಿದ್ದು ೧೯೧೭ರಲ್ಲಿ. ಓದಿದ್ದು ಕಲೆಯ ಚರಿತ್ರೆ. ಆಸೆಯಿದ್ದದ್ದು ನಾಟಕದ ರಂಗಸಜ್ಜಿಕೆಯಲ್ಲಿ. ಎರಡನೆಯ ಮಹಾಯುದ್ಧ ಅವರನ್ನು ಸೈನ್ಯದಲ್ಲಿ ರೇಡಿಯೋ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಾಕಿತು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದರು; ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಪುನರುತ್ಪಾದನೆಯ ಬಗ್ಗೆ ಪಾಠವನ್ನೂ ಹೇಳಿದರು. ರಿಪೇರಿಯವರು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಪ್ರಯೋಗಾಲಯದಲ್ಲಿ ಕುಳಿತವರಿಗೆ ಕೋನ್ ಒಂದು ಸಮೀಕರಣ. ರಿಪೇರಿಯವರಿಗೆ ಅದು ಬೆರಳಿಂದ ಒತ್ತಿ ನೋಡುವ ವಸ್ತು.

ವಿಲ್ಚರ್ ಹಾಕಿದ ಲೆಕ್ಕ ಸರಳ. ಕೋನನ್ನು ತಳ್ಳಿದರೆ ಹಿಂದಕ್ಕೆ ಎಳೆದುಕೊಳ್ಳಲು ಒಂದು ಸ್ಪ್ರಿಂಗು ಬೇಕು. ಅಲ್ಲಿಯವರೆಗೆ ಆ ಸ್ಪ್ರಿಂಗಿನ ಕೆಲಸ ಅಂಚು ಮತ್ತು ಸ್ಪೈಡರಿನದು. ಎರಡೂ ಒಂದೇ ಸಮನಾಗಿ ಎಳೆಯುವ ಜಾತಿಯವಲ್ಲ. ಹಾಗಾದರೆ ಅವುಗಳಿಂದ ಆ ಕೆಲಸವನ್ನು ಕಿತ್ತುಕೊಂಡು ಗಾಳಿಗೆ ಕೊಟ್ಟರೆ? ಪೆಟ್ಟಿಗೆಯನ್ನು ಗಾಳಿ ಹೊರಹೋಗದಂತೆ ಮುಚ್ಚಿ, ಕೋನಿನ ಅಂಚನ್ನು ತೀರ ಸಡಿಲ ಮಾಡಿಬಿಟ್ಟರೆ, ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನನ್ನು ಎಳೆಯುತ್ತದೆ, ತಳ್ಳುತ್ತದೆ. ಇಷ್ಟು ಸಣ್ಣ ಚಲನೆಗೆ ಗಾಳಿಯಂಥ ನಿಷ್ಪಕ್ಷಪಾತಿ ಸ್ಪ್ರಿಂಗು ಇನ್ನೊಂದಿಲ್ಲ. ಇದರಲ್ಲಿ ಒಂದು ಸ್ವಾರಸ್ಯವೂ ಇದೆ: ಪೆಟ್ಟಿಗೆ ದೊಡ್ಡದಾದರೆ ಗಾಳಿಯ ಸ್ಪ್ರಿಂಗು ಮೆತ್ತಗಾಗಿ ಕೆಲಸಕ್ಕೆ ಬಾರದು. ಹೀಗಾಗಿ ಪೆಟ್ಟಿಗೆ ಚಿಕ್ಕದಾಗಿರುವುದು ಇಲ್ಲಿ ರಾಜಿಯಲ್ಲ, ಅವಶ್ಯಕತೆ. ಬೀರುವಿನಷ್ಟಿದ್ದುದು ಎರಡಡಿಯ ಉದ್ದದ, ಪುಸ್ತಕದ ಕಪಾಟಿನಲ್ಲಿ ಅಡ್ಡ ಮಲಗಿಸಬಹುದಾದ ಪೆಟ್ಟಿಗೆಯಾಯಿತು.

ಇದನ್ನು ಪರೀಕ್ಷಿಸಲು ಅವರು ಮಾಡಿದ್ದೇನೆಂಬುದು ನಮ್ಮ ವ್ಯಾಜ್ಯಕ್ಕೆ ಮುಖ್ಯವಾದ ಸಾಕ್ಷಿ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹನ್ನೆರಡು ಅಂಗುಲದ ಒಳ್ಳೆಯ ಸ್ಪೀಕರೊಂದನ್ನು ತೆಗೆದುಕೊಂಡು ಅದರ ಬಿಗಿಯಾದ ಅಂಚನ್ನು ಕಿತ್ತುಹಾಕಿದರು. ಅದರ ಜಾಗಕ್ಕೆ ಹಾಸಿಗೆಗೆ ಹೊದಿಸುವ ದಟ್ಟ ನೇಯ್ಗೆಯ ಬಟ್ಟೆಯಿಂದ ಹೊಸ ಅಂಚು ಮಾಡಿದರು. ಅದನ್ನು ಹೊಲಿದುಕೊಟ್ಟವರು ಅವರ ಪತ್ನಿ ರೋಸ್‌ಮೆರಿ. ಆ ಕಂಪನಿಯ ಹಳೆಯ ಸ್ಪೀಕರುಗಳಿಗೆ ಇಂದು ಸಂಗ್ರಾಹಕರು ಚಿನ್ನದ ಬೆಲೆ ಕೊಡುತ್ತಾರೆ. ಅಂಥದೊಂದರ ಅಂಚನ್ನು ಯಾರಾದರೂ ಈಗ ಕಿತ್ತು ಹಾಸಿಗೆಯ ಬಟ್ಟೆ ಅಂಟಿಸಿದರೆ, ‘ಇದ್ದಂತೆಯೇ ಉಳಿಸಿ’ ಎನ್ನುವ ಪಕ್ಷದವರು ಅವನ ಮುಖ ನೋಡಲಿಕ್ಕಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ನಡುವೆ ಮನೆಯ ಸಂಗೀತವನ್ನೇ ಬದಲಿಸಿದ ವಸ್ತು ಹುಟ್ಟಿದ್ದು ಅಂಥ ಒಂದು ತಿದ್ದುಪಡಿಯಿಂದಲೇ.

ದೊಡ್ಡ ಕಂಪನಿಗಳಿಗೆ ಈ ವಿಚಾರವನ್ನು ಮಾರಲು ಹೋದಾಗ ಯಾರಿಗೂ ಬೇಡವಾಯಿತು. ಅವರ ತರಗತಿಯಲ್ಲಿ ಕುಳಿತಿದ್ದ ಹೆನ್ರಿ ಕ್ಲಾಸ್ ಎಂಬ ತರುಣನಿಗೆ ಮಾತ್ರ ಅದು ಹಿಡಿಸಿತು. ಇಬ್ಬರೂ ಸೇರಿ ೧೯೫೪ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದರು. ಮೊದಲ ಸ್ಪೀಕರಿನ ಹೆಸರು ಏ.ಆರ್.-೧. ೧೯೫೬ರಲ್ಲಿ ಪೇಟೆಂಟು ಬಂದಿತು. ೧೯೫೭ರಲ್ಲಿ ಕ್ಲಾಸ್ ಬೇರೆಯಾಗಿ ಕೆ.ಎಲ್.ಎಚ್. ಎಂಬ ಕಂಪನಿ ಮಾಡಿಕೊಂಡರು. ೧೯೫೮ರಲ್ಲಿ ಬಂದ ಏ.ಆರ್.-೩ರಲ್ಲಿ ವಿಲ್ಚರ್ ಮೇಲಿನ ಸ್ವರಗಳಿಗಾಗಿ ಕೋನಿನ ಬದಲು ಚಿಕ್ಕ ಗುಮ್ಮಟದಾಕಾರದ ಟ್ವೀಟರುಗಳನ್ನು ಇಟ್ಟರು. ಇಂದು ಎಲ್ಲೆಲ್ಲೂ ಕಾಣುವ ಡೋಮ್ ಟ್ವೀಟರಿನ ಮೂಲ ಇದೇ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹಕ್ಕೂ ಒಂದು ಏ.ಆರ್.-೩ ಸೇರಿದೆ. ಪೇಟೆಂಟಿನ ಕಥೆ ಮಾತ್ರ ಸುಖಾಂತವಲ್ಲ. ಎಲೆಕ್ಟ್ರೋ-ವಾಯ್ಸ್ ಕಂಪನಿಯೊಡನೆ ವ್ಯಾಜ್ಯ ಬಿದ್ದು, ಹ್ಯಾರಿ ಓಲ್ಸನ್ನರ ೧೯೪೯ರ ಪೇಟೆಂಟಿನಲ್ಲಿಯೇ ಈ ವಿಚಾರವಿತ್ತೆಂದು ತೀರ್ಮಾನವಾಯಿತು. ವಿಲ್ಚರ್ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಆಮೇಲೆ ಗಾಳಿಯ ಸ್ಪ್ರಿಂಗು ಎಲ್ಲರ ಸೊತ್ತಾಯಿತು.

ಅವರೂ ಬ್ರಿಗ್ಸರಂತೆ ಸ್ಪೀಕರನ್ನು ಕಲಾವಿದರ ಪಕ್ಕದಲ್ಲಿ ನಿಲ್ಲಿಸಿದವರು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರ ಪಿಟೀಲು ಮೇಳ ವೇದಿಕೆಯ ಮೇಲೆ ನುಡಿಸುತ್ತಿರುವಾಗ, ನಡುವೆ ಒಂದು ಕ್ಷಣದಲ್ಲಿ ಅವರು ಕಮಾನನ್ನು ತಂತಿಗೆ ತಾಗಿಸದೆ ಬರಿದೆ ಆಡಿಸುವರು. ಮೊದಲೇ ಮುದ್ರಿಸಿಟ್ಟ ಅದೇ ಸಂಗೀತ ಏ.ಆರ್.-೩ರಿಂದ ಬರುವುದು. ಸಭೆಯಲ್ಲಿದ್ದ ಬಹುಮಂದಿಗೆ ಬದಲಾವಣೆ ಯಾವಾಗ ಆಯಿತೆಂದು ತಿಳಿಯುತ್ತಿರಲಿಲ್ಲ. ಇದರಲ್ಲಿ ವ್ಯಾಪಾರದ ಬುದ್ಧಿ ಇತ್ತೆಂಬುದನ್ನು ಅಲ್ಲಗಳೆಯಲಾರೆ. ಆದರೂ ಇದು ಪರೀಕ್ಷೆಗೆ ಒಡ್ಡಿದ ಮಾತು. ‘ನಮ್ಮದು ಇಂಪಾಗಿದೆ’ ಎಂದರೆ ವಾದಕ್ಕೆ ಕೊನೆಯಿಲ್ಲ. ‘ನಮ್ಮದು ಅಸಲಿನಂತೆಯೇ ಇದೆ, ಬಂದು ಕೇಳಿ’ ಎಂದರೆ ನಿಜವೋ ಸುಳ್ಳೋ ಅಲ್ಲಿಯೇ ಗೊತ್ತಾಗುತ್ತದೆ.

೧೯೬೭ರಲ್ಲಿ ವಿಲ್ಚರ್ ಕಂಪನಿಯನ್ನು ಟೆಲಿಡೈನ್ ಎಂಬ ಸಂಸ್ಥೆಗೆ ಮಾರಿ, ಕಿವಿ ಮಂದವಾದವರಿಗೆ ನೆರವಾಗುವ ಯಂತ್ರಗಳ ಸಂಶೋಧನೆಗೆ ತಿರುಗಿದರು. ಸದ್ದನ್ನು ಬೇರೆ ಬೇರೆ ಸ್ವರಪಟ್ಟಿಗಳಾಗಿ ಒಡೆದು, ಒಂದೊಂದನ್ನೂ ಕೇಳುಗನ ಕಿವಿಗೆ ತಕ್ಕಂತೆ ಹೊಂದಿಸುವ ವಿಧಾನವನ್ನು ೧೯೭೩ರಲ್ಲಿ ಪ್ರಕಟಿಸಿದರು. ಅದಕ್ಕೆ ಪೇಟೆಂಟು ತೆಗೆಯಲಿಲ್ಲ. ೨೦೧೧ರಲ್ಲಿ ತೀರಿಕೊಂಡಾಗ ಅವರಿಗೆ ೯೪ ವರ್ಷ.

ಅವರು ಕಂಪನಿ ಬಿಟ್ಟ ಕೆಲವೇ ವರ್ಷಗಳಲ್ಲಿ ಅಂಚಿನ ಚರಿತ್ರೆಯ ಅತ್ಯಂತ ದುಃಖದ ಅಧ್ಯಾಯ ಮೊದಲಾಯಿತು. ಸುಮಾರು ೧೯೭೦ರಿಂದ ಈಚೆಗೆ ಪ್ರಪಂಚದ ಸ್ಪೀಕರು ತಯಾರಕರಲ್ಲಿ ಅನೇಕರು ಪಾಲಿಯುರಿಥೇನ್ ಫೋಮಿಗೆ ಮರುಳಾದರು. ಏ.ಆರ್. ಕೂಡ ಬಟ್ಟೆಯ ಅಂಚನ್ನು ಬಿಟ್ಟು ಫೋಮನ್ನು ಹಿಡಿಯಿತು. ಹಗುರ, ಮೆತ್ತಗೆ, ಅಚ್ಚಿನಲ್ಲಿ ಒತ್ತಿದರೆ ಬೇಕಾದ ಆಕಾರ, ಅಗ್ಗ, ಇನ್ನೇನು ಬೇಕು? ಬೇಕಾದದ್ದು ಆಯುಸ್ಸು. ಅದೊಂದು ಇರಲಿಲ್ಲ. ಗಾಳಿಯಲ್ಲಿರುವ ತೇವಾಂಶ ಆ ಫೋಮಿನ ರಾಸಾಯನಿಕ ಕಟ್ಟನ್ನು ಒಂದೊಂದಾಗಿ ಬಿಡಿಸುತ್ತದೆ. ಬೆಳಕು ಮತ್ತು ಸೆಕೆ ಅದಕ್ಕೆ ಜೊತೆಗೂಡುತ್ತವೆ. ಹತ್ತು ಹದಿನೈದು ವರ್ಷಕ್ಕೆ ಅಂಚು ಮೊದಲು ಅಂಟಂಟಾಗಿ, ಆಮೇಲೆ ಹುರಿದ ರವೆಯಂತೆ ಪುಡಿಯಾಗುತ್ತದೆ. ಒಣ ಹವೆಯ ಊರಿನಲ್ಲಿ ಇಪ್ಪತ್ತು ವರ್ಷ ಬಾಳಿದರೂ ಬಾಳೀತು. ನಮ್ಮ ಕರಾವಳಿಯಿಂದ ನನ್ನ ಮೇಜಿಗೆ ಬಂದ ಒಂದು ಜೋಡಿಯಲ್ಲಿ ಅಂಚು ಇದ್ದ ಗುರುತಾಗಿ ಬುಟ್ಟಿಯ ಮೇಲೆ ಕಂದು ಬಣ್ಣದ ಜಿಡ್ಡು ಮಾತ್ರ ಉಳಿದಿತ್ತು. ವಿಚಿತ್ರವೆಂದರೆ ೧೯೫೮ರ ಬಟ್ಟೆಯ ಅಂಚು ಇಂದಿಗೂ ಗಟ್ಟಿಯಾಗಿದೆ. ಅದಕ್ಕಿಂತ ಈಚಿನ ಫೋಮಿನದು ಎಂದೋ ಮಣ್ಣಾಯಿತು.

ಬಟ್ಟೆಯ ಅಂಚಿಗೂ ರೋಗವಿಲ್ಲವೆಂದಲ್ಲ. ಬಟ್ಟೆಯ ಎಳೆಗಳ ನಡುವೆ ಗಾಳಿ ನುಸುಳದಂತೆ ರಬ್ಬರಿನಂಥ ಲೇಪವೊಂದನ್ನು ಬಳಿದಿರುತ್ತಾರೆ. ಕಾಲಕ್ರಮದಲ್ಲಿ ಆ ಲೇಪ ಒಣಗಿ, ಕಣ್ಣಿಗೆ ಕಾಣದಂತೆ ಗಾಳಿ ಸೋರತೊಡಗುತ್ತದೆ. ಬೇರೆ ಸ್ಪೀಕರಿನಲ್ಲಿ ಇದು ಸಣ್ಣ ವಿಷಯ. ಗಾಳಿಯೇ ಸ್ಪ್ರಿಂಗಾದ ಸ್ಪೀಕರಿನಲ್ಲಿ ಇದು ಮೂಲಕ್ಕೇ ಪೆಟ್ಟು. ಪರೀಕ್ಷೆ ಸುಲಭ. ಕೋನನ್ನು ಎರಡೂ ಕಡೆ ಬೆರಳಿಟ್ಟು ಸಮನಾಗಿ ಮೆಲ್ಲನೆ ಒತ್ತಿಹಿಡಿದು ಬಿಡಬೇಕು. ಪೆಟ್ಟಿಗೆ ಭದ್ರವಾಗಿದ್ದರೆ ಕೋನ್ ಆತುರಪಡದೆ, ನಿಧಾನವಾಗಿ, ಊಟ ಮುಗಿಸಿ ಏಳುವ ಹಿರಿಯರಂತೆ ಹಿಂದಕ್ಕೆ ಬರುತ್ತದೆ. ಸೋರು ಇದ್ದರೆ ಥಟ್ಟನೆ ಬಂದುಬಿಡುತ್ತದೆ. ಮದ್ದು ಬ್ಯುಟೈಲ್ ರಬ್ಬರನ್ನು ಟಾಲುಯೀನ್‌ನಲ್ಲಿ ತೆಳ್ಳಗೆ ಕರಗಿಸಿ ಕುಂಚದಿಂದ ಬಳಿಯುವುದು. ಕಿಟಕಿ ತೆರೆದಿರಬೇಕು, ವಾಸನೆ ತಲೆಗೇರುತ್ತದೆ.

ಫೋಮಿನ ಅಂಚನ್ನು ಬದಲಿಸುವುದು ಇದಕ್ಕಿಂತ ಶ್ರಮದ ಕೆಲಸ. ಹಳೆಯ ಜಿಡ್ಡನ್ನೂ ಅಂಟನ್ನೂ ಸ್ಪಿರಿಟ್ಟಿನಿಂದ ಒರಸಿ, ಕಾಗದ ಹರಿಯದಂತೆ ಕೆರೆದು ತೆಗೆಯಬೇಕು. ಸುರುಳಿಯ ಮೇಲಿರುವ ಧೂಳಿನ ಟೋಪಿಯನ್ನು ಬಿಡಿಸಿ, ಸುರುಳಿಗೂ ನಡುವಣ ಕಬ್ಬಿಣಕ್ಕೂ ಮಧ್ಯೆ ಕಾಗದದ ತೆಳು ಪಟ್ಟಿಗಳನ್ನು ಸುತ್ತಲೂ ತೂರಿಸಿ, ಕೋನನ್ನು ನಟ್ಟನಡುವೆ ನಿಲ್ಲಿಸಬೇಕು. ಆಮೇಲೆ ಹೊಸ ಅಂಚನ್ನು ಅಂಟಿಸಿ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಅಂಟು ಆರಿತೇ ಎಂದು ನೋಡುವ ಚಪಲಕ್ಕೆ ಬಲಿಯಾದ ಕೋನುಗಳು ಎಷ್ಟೋ.

ನಮ್ಮಲ್ಲಿ ಈ ಕೈಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಜಾತ್ರೆಗೆ, ಮದುವೆಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರ ಸ್ಪೀಕರುಗಳು ವರ್ಷಕ್ಕೊಮ್ಮೆಯಾದರೂ ಸುಡುತ್ತವೆ. ಸುರುಳಿ ಸುತ್ತಿ, ಹೊಸ ಕೋನ್ ಕೂರಿಸಿ, ಸಂಜೆಯೊಳಗೆ ಮತ್ತೆ ಹಾಡಿಸುವ ಚತುರರು ಊರೂರಿನಲ್ಲಿ ಇದ್ದಾರೆ. ಅವರ ಬೆರಳುಗಳ ಅಂದಾಜು ಕಂಡು ನಾನು ಕೈಮುಗಿದದ್ದುಂಟು. ಆದರೆ ಅವರ ಗುರಿ ಬೇರೆ. ಅವರಿಗೆ ಸ್ಪೀಕರು ಗಟ್ಟಿಯಾಗಿ ಕೂಗಬೇಕು, ಮತ್ತೆ ಸುಡಬಾರದು. ಅದಕ್ಕಾಗಿ ಬಿಗಿಯಾದ, ದಪ್ಪವಾದ ಅಂಚನ್ನೇ ಹಾಕುತ್ತಾರೆ. ಅದೇ ಅಂಚು ಏ.ಆರ್. ಸ್ಪೀಕರಿಗೆ ಬಿದ್ದರೆ, ನೋಡಲು ಹೊಚ್ಚಹೊಸದಾಗಿ ಕಾಣುತ್ತದೆ, ಸದ್ದೂ ಬರುತ್ತದೆ. ಆದರೆ ಸ್ಪ್ರಿಂಗಿನ ಕೆಲಸ ಗಾಳಿಯಿಂದ ಮತ್ತೆ ಅಂಚಿಗೆ ಹೋಯಿತು. ಪೆಟ್ಟಿಗೆಯಲ್ಲಿ ಕೂರಿಸಿದ ಏ.ಆರ್.-೩ರ ಸ್ವಂತ ಸ್ವರ ಸೆಕೆಂಡಿಗೆ ಸುಮಾರು ೪೩ ಕಂಪನ. ಬಿಗಿಯಾದ ಅಂಚು ಅದನ್ನು ಮೇಲಕ್ಕೆ ಒಯ್ಯುತ್ತದೆ. ಮಂದ್ರ ಅಷ್ಟರಮಟ್ಟಿಗೆ ಕಳೆದುಹೋಗುತ್ತದೆ. ವಿಲ್ಚರ್ ಹಾಸಿಗೆಯ ಬಟ್ಟೆಯಿಂದ ಸಾಧಿಸಿದ್ದನ್ನು ನಾವು ಹೊಳೆಯುವ ರಬ್ಬರಿನಿಂದ ಅಳಿಸಿದಂತಾಯಿತು.

ನನ್ನ ಅಭಿಪ್ರಾಯ ಇಲ್ಲಿಂದಲೇ ಹೊರಡುತ್ತದೆ. ವಸ್ತು ಹಳೆಯದೇ, ಹೊಸದೇ ಎಂದು ಕೇಳುವುದಕ್ಕಿಂತ, ಮಾಡಿದವರು ಆ ಭಾಗದಿಂದ ಯಾವ ಕೆಲಸ ಬಯಸಿದ್ದರು ಎಂದು ಕೇಳಬೇಕು. ಅಂಚಿನಿಂದ ಸಡಿಲತೆಯನ್ನೂ ಗಾಳಿ ಬಿಡದ ಗುಣವನ್ನೂ ಬಯಸಿದ್ದರು. ಅವೆರಡನ್ನೂ ಕೊಡುವ ಹೊಸ ಅಂಚು ಬಂದರೆ ಸಂತೋಷ, ಅದು ಇನ್ನಷ್ಟು ಬಾಳಿದರೆ ಹೆಚ್ಚು ಸಂತೋಷ. ಕ್ರಾಸ್‌ಓವರಿನ ಕಂಡೆನ್ಸರುಗಳು ಅರ್ಧ ಶತಮಾನದಲ್ಲಿ ತಮ್ಮ ಬೆಲೆಯನ್ನು ಬಿಟ್ಟು ಅತ್ತಿತ್ತ ಸರಿದಿರುತ್ತವೆ. ಅಳೆದು ನೋಡಿ, ಕೆಟ್ಟಿದ್ದರೆ, ಮೊದಲಿನ ಬೆಲೆಯ ಹೊಸದನ್ನು ಹಾಕುವುದು ತಪ್ಪಲ್ಲ, ಹಾಕದಿರುವುದೇ ತಪ್ಪು. ಪೆಟ್ಟಿಗೆಯ ಹಿಂದೆ ಮೇಲಿನ ಸ್ವರಗಳನ್ನು ಏರಿಸಿ ಇಳಿಸಲು ಇರುವ ಗುಂಡಿಗಳ ಒಳಗೆ ಹಸಿರು ಕಿಲುಬು ಕಟ್ಟಿ ಸದ್ದು ನಿಂತುಹೋಗುವುದು ಏ.ಆರ್. ಸ್ಪೀಕರುಗಳ ಪ್ರಸಿದ್ಧ ಕಾಯಿಲೆ. ಕಿಲುಬನ್ನು ಉಜ್ಜಿ ತೆಗೆಯಬೇಕು, ಆಗದಿದ್ದರೆ ಬದಲಿಸಬೇಕು. ಪೆಟ್ಟಿಗೆಯೊಳಗೆ ತುಂಬಿದ ನಾರನ್ನು ಮಾತ್ರ ತೂಕ ಹಾಕದೆ ತೆಗೆಯಬಾರದು. ಅದು ಕಸವಲ್ಲ, ಗಾಳಿಯ ಸ್ಪ್ರಿಂಗಿನ ಒಂದು ಅಂಗ.

ಅಯಸ್ಕಾಂತದ ಬಗ್ಗೆಯೂ ಒಂದು ಮಾತು. ಹಳೆಯ ಸ್ಪೀಕರುಗಳಲ್ಲಿ ಆಲ್ನಿಕೋ ಎಂಬ ಮಿಶ್ರಲೋಹದ ಕಾಂತವಿರುತ್ತಿತ್ತು. ಅದರಲ್ಲಿ ಕೋಬಾಲ್ಟ್ ಇದೆ. ೧೯೭೮ರಲ್ಲಿ ಆಫ್ರಿಕದ ಜಯರೆಯ ಶಾಬಾ ಪ್ರಾಂತದಲ್ಲಿ ಯುದ್ಧವಾಗಿ ಕೋಬಾಲ್ಟಿನ ಬೆಲೆ ಗಗನಕ್ಕೇರಿತು. ಅದುವರೆಗೂ ಆಲ್ನಿಕೋವನ್ನು ಬಿಡದಿದ್ದ ತಯಾರಕರೂ ಫೆರೈಟಿಗೆ ತಿರುಗಿದರು. ಅಂದಿನಿಂದ ಆಲ್ನಿಕೋಗೆ ಒಂದು ದೈವತ್ವ ಬಂದುಬಿಟ್ಟಿದೆ. ಸಂದಿನಲ್ಲಿ ಕಾಂತದ ಬಲ ಎಷ್ಟೆಂಬುದೇ ಮುಖ್ಯ, ಅದು ಯಾವ ಕಲ್ಲಿನಿಂದ ಬಂದಿತೆಂಬುದಲ್ಲ ಎಂದು ನಾನು ಎಣಿಸುತ್ತೇನೆ. ಇದಕ್ಕಾಗಿ ಕೆಲವು ಸ್ನೇಹಿತರು ನನ್ನನ್ನು ಅರಸಿಕನೆಂದು ಕರೆದಿದ್ದಾರೆ.

ಟ್ವೀಟರುಗಳ ಪ್ರಶ್ನೆಯೇ ನಿಜವಾಗಿ ಕಠಿಣ. ಏ.ಆರ್.-೩ರ ಆ ಚಿಕ್ಕ ಗುಮ್ಮಟಗಳು ಈಗ ಬಹುಮಟ್ಟಿಗೆ ಬಿಗಿದುಕೊಂಡು ಸ್ವರ ಕುಂದಿವೆ. ಅವುಗಳ ಜಾಗಕ್ಕೆ ಈಗಿನ ಟ್ವೀಟರನ್ನು ಕೂರಿಸಿದರೆ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆಗ ಕೇಳುತ್ತಿರುವುದು ಏನನ್ನು? ‘ಅಸಲಿನಂತೆಯೇ ಇದೆ, ಬಂದು ಕೇಳಿ’ ಎಂದು ೧೯೬೦ರ ಆಸುಪಾಸಿನಲ್ಲಿ ಸಭೆಯ ಮುಂದೆ ಆಡಿದ ಮಾತು ಎಷ್ಟರಮಟ್ಟಿಗೆ ನಿಜವೆಂದು ತಿಳಿಯಲು ನಮಗೆ ಉಳಿದಿರುವ ಸಾಕ್ಷಿ ಆ ಸ್ಪೀಕರುಗಳೇ. ಸಾಕ್ಷಿಯ ನಾಲಿಗೆಯನ್ನು ಬದಲಿಸಿ ಹೇಳಿಕೆ ತೆಗೆದುಕೊಂಡಂತೆ ಆಗಬಾರದು. ಇನ್ನೊಂದು ಕಡೆ, ‘ಮುಟ್ಟಬೇಡಿ’ ಎಂದು ಕಾಪಾಡಿದ, ಅಂಚು ಉದುರಿದ, ಕಿಲುಬು ಕಟ್ಟಿದ ಸ್ಪೀಕರು ಮೂಕಸಾಕ್ಷಿ. ಅದನ್ನು ಕೇಳಿ ‘ಹಳೆಯ ಕಾಲದ ಸದ್ದು ಇಷ್ಟೇ’ ಎಂದು ತೀರ್ಮಾನಿಸುವುದು ಇನ್ನೂ ದೊಡ್ಡ ಅನ್ಯಾಯ. ಬಿ.ಬಿ.ಸಿ.ಯ ಎಂಜಿನಿಯರುಗಳು ೧೯೭೦ರ ದಶಕದ ಆರಂಭದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ಮಾಡಿದ ಎಲ್.ಎಸ್.೩/೫ಎ ಎಂಬ ಚಿಕ್ಕ ಸ್ಪೀಕರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅದು ಅಳತೆಗೋಲಾಗಲೆಂದೇ ಹುಟ್ಟಿದ್ದು. ಅಳತೆಗೋಲಿಗೆ ಇನ್ನೊಂದು ಅಂಗುಲ ಸೇರಿಸಿ ಉತ್ತಮಗೊಳಿಸಿದೆ ಎಂದರೆ ಬಟ್ಟೆಯಂಗಡಿಯವನು ನಕ್ಕಾನು.

ಆದುದರಿಂದ ಟ್ವೀಟರಿನಂಥ ಭಾಗವನ್ನು ಬದಲಿಸಲೇಬೇಕಾದಾಗ ನಾನು ಪೆಟ್ಟಿಗೆಯ ಹಲಗೆಗೆ ಹೊಸ ತೂತು ಕೊರೆಯುವುದಿಲ್ಲ. ಹಳೆಯ ತಿರುಪಿನ ತೂತುಗಳಿಗೇ ಹೊಂದುವ ತಗಡಿನ ಬಿಲ್ಲೆಯ ಮೇಲೆ ಹೊಸದನ್ನು ಕೂರಿಸುತ್ತೇನೆ. ತೆಗೆದ ಭಾಗಗಳನ್ನು ಬಟ್ಟೆಯಲ್ಲಿ ಸುತ್ತಿ ಮಾಲೀಕರ ಕೈಗೇ ಕೊಡುತ್ತೇನೆ. ಜೊತೆಗೆ ಒಂದು ಚೀಟಿ ಬರೆದು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ ಮುಚ್ಚುತ್ತೇನೆ: ಅಂಚಿಗೆ ಬಳಿದದ್ದು ಏನು, ಎಷ್ಟು ಸಲ, ಕಂಡೆನ್ಸರಿನ ಹಳೆಯ ಬೆಲೆ, ಹೊಸ ಬೆಲೆ, ನಾರಿನ ತೂಕ, ತಾರೀಖು. ಹೋದ ಮಳೆಗಾಲದಲ್ಲಿ ಒಂದು ಪೆಟ್ಟಿಗೆಯನ್ನು ತೆರೆದಾಗ ಒಳಗೆ ಬೇರೆ ಯಾರದೋ ಕೈಬರಹದ ಅಂಥದೇ ಚೀಟಿಯೊಂದು ಸಿಕ್ಕಿತು. ಇಂಗ್ಲಿಷಿನಲ್ಲಿ, ಪೆನ್ಸಿಲಿನಿಂದ, ಮೂರೇ ಸಾಲು; ಹೆಸರಿಲ್ಲ. ಎಡಗಡೆಯ ಸ್ಪೀಕರಿನ ಅಂಚಿಗೆ ಲೇಪ ಬಳಿದಿದ್ದಾಗಿಯೂ ಬಲಗಡೆಯದಕ್ಕೆ ಬೇಕಾಗಲಿಲ್ಲವೆಂದೂ ಬರೆದಿತ್ತು. ಬಲಗಡೆಯದನ್ನು ಒತ್ತಿ ನೋಡಿದೆ. ಈಗ ಅದಕ್ಕೂ ಬೇಕಾಗಿತ್ತು.